ನಾಲ್ಕು ಅಂಗೈಯಗಲದ ನೆಲ

ಗುಂಡ್ಲುಪೇಟೆಯಿಂದ ಊಟಿಯ ಕಡೆಗೆ ಹೊರಟ ಪ್ರವಾಸಿಗರಿಗೆ ಹಂಗಳವೆಂಬುದು ಕಣ್ಣಿಗೆ ಬಿದ್ದು ಮರೆಯಾಗುವ ಒಂದು ಊರು. ಬಲಕ್ಕೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದಾರಿ ಒಡೆಯುತ್ತದೆ. ಎದುರಿಗೆ ಬಂಡೀಪುರದ ಕಾಡು ಕರೆಯುತ್ತದೆ. ಹೂವಿನ ಕಾಲದಲ್ಲಿ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುವವರನ್ನು ಬಿಟ್ಟರೆ, ಈ ಊರಿನಲ್ಲಿ ಇಳಿಯುವ ಕಾರಿನವರು ವಿರಳ. ಆದರೆ ನನಗೆ ಹಂಗಳವೆಂದರೆ ತಂಗಿಯ ಮನೆ. ವರ್ಷಕ್ಕೆರಡು ಬಾರಿಯಾದರೂ ಅಲ್ಲಿನ ಜಗಲಿಯ ಮೇಲೆ ಕುಳಿತು ಕಾಫಿ ಕುಡಿಯದಿದ್ದರೆ ನನಗೆ ವರ್ಷ ತುಂಬಿದಂತೆ ಅನ್ನಿಸುವುದಿಲ್ಲ.

ತಂಗಿಗೆ ಒಬ್ಬನೇ ಮಗ. ನಂಜನಗೂಡಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ತಂದೆ ತೀರಿಕೊಂಡ ಮೇಲೆ ತಾಯಿಯನ್ನು ಒಂಟಿಯಾಗಿ ಬಿಡಲೊಲ್ಲದೆ ದಿನವೂ ಹಂಗಳದಿಂದಲೇ ಹೋಗಿಬರುತ್ತಾನೆ. ಇಷ್ಟೊಂದು ವಿವೇಕಿಯಾದ ಹುಡುಗ ಮೂರು ವರ್ಷಗಳ ಹಿಂದೆ ಒಂದು ಅವಿವೇಕದ ಕೆಲಸ ಮಾಡಿದ. ಬೆಂಗಳೂರಿನಲ್ಲಿ ಯಾರೋ ಬಳಸಿ ಬಿಟ್ಟ, ಎರಡೇ ಆಸನಗಳ, ನೆಲಕ್ಕಂಟಿಕೊಂಡಂತಿರುವ ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ಕೊಂಡುತಂದ. ಊರಿನ ಹಿರಿಯರೊಬ್ಬರು ಅದರ ಸುತ್ತ ಒಂದು ಸುತ್ತು ಬಂದು, “ಮಿಕ್ಕ ಅರ್ಧ ಯಾವಾಗ ಬತ್ತದಪ್ಪ?” ಎಂದು ಕೇಳಿದರಂತೆ. ತಂಗಿಯಂತೂ ಆ ಕಾರಿನಲ್ಲಿ ತಾನು ಜನ್ಮದಲ್ಲಿ ಕೂರುವುದಿಲ್ಲವೆಂದು ಹೇಳಿಬಿಟ್ಟಳು. ಸಂಜೆಯಾದರೆ ಆ ಕಾರಿನ ಗುಡುಗು ಗುಂಡ್ಲುಪೇಟೆಯ ಕಡೆಯಿಂದ ಕೇಳಿಸುವವರೆಗೆ ಜಗಲಿ ಬಿಟ್ಟು ಒಳಗೆ ಹೋಗುತ್ತಲೂ ಇರಲಿಲ್ಲ.

ಕಳೆದ ವಾರ ನಾನು ಅಲ್ಲಿಗೆ ಹೋದಾಗ ಅಳಿಯ ಒಂದು ಪ್ರಶ್ನೆಯನ್ನು ಹಿಡಿದು ಕಾದಿದ್ದ. “ಮಾವ, ಟೈರು ಸವೆದಿದೆ. ಮೈಸೂರಿನ ಅಂಗಡಿಯಲ್ಲಿ ಮೂರು ಬಗೆ ತೋರಿಸಿದರು. ಯಾವುದನ್ನು ಹಾಕಿಸಲಿ?” ಎಂದ. ಈ ಅಂಕಣವನ್ನು ಬಹುದಿನಗಳಿಂದ ಓದುತ್ತಿರುವವರಿಗೆ ತಿಳಿದಿರುವಂತೆ, ವಾಹನಗಳು ಓಡುವುದಕ್ಕಿಂತ ನಿಲ್ಲುವುದರಲ್ಲಿ ನನಗೆ ಹೆಚ್ಚು ಆಸಕ್ತಿ. ಆದಕಾರಣ ಪ್ರಶ್ನೆ ನನಗೆ ಹಿಡಿಸಿತು. ಆ ರಾತ್ರಿ ಜಗಲಿಯ ಮೇಲೆ ನಡೆದ ಮಾತುಕತೆಯೇ ಈ ವಾರದ ಬರಹ. ಸ್ಪೋರ್ಟ್ಸ್ ಕಾರಿಲ್ಲದ ವಾಚಕರು ಪುಟ ತಿರುವಬೇಕಾಗಿಲ್ಲ. ಸಂಸಾರಸ್ಥರ ಸಾಮಾನ್ಯ ಕಾರಿಗೂ ಇಲ್ಲಿನ ಲೆಕ್ಕವೇ ಸಲ್ಲುತ್ತದೆ.

ಮೊದಲು ಒಂದು ಸಣ್ಣ ಲೆಕ್ಕ. ಸಾವಿರದ ಇನ್ನೂರು ಕಿಲೋಗ್ರಾಂ ತೂಕದ ಕಾರೊಂದನ್ನು ನಾಲ್ಕು ಟೈರುಗಳು ಹೊತ್ತಿವೆ ಎನ್ನೋಣ. ಒಂದೊಂದರ ಪಾಲಿಗೆ ಮುನ್ನೂರು ಕಿಲೋ. ಒಳಗಿನ ಗಾಳಿಯ ಒತ್ತಡ 32 ಪೌಂಡ್, ಎಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಎರಡೂಕಾಲು ಕಿಲೋ. ಭಾಗಿಸಿದರೆ ಬರುವುದು 133 ಚದರ ಸೆಂಟಿಮೀಟರ್. ಒಂದು ಅಂಗೈಯಗಲ! ಕಾರು ಎಷ್ಟೇ ಬೆಲೆಯದಾಗಿರಲಿ, ಅದರ ಎಂಜಿನ್ನಿನ ಶಕ್ತಿ, ಬ್ರೇಕಿನ ಬಲ, ಸ್ಟೀರಿಂಗಿನ ಚಾತುರ್ಯವೆಲ್ಲವೂ ನೆಲವನ್ನು ಮುಟ್ಟುವುದು ಈ ನಾಲ್ಕು ಅಂಗೈಗಳ ಮೂಲಕವೇ. ಅವು ಜಾರಿದರೆ ಮಿಕ್ಕುದೆಲ್ಲವೂ ಅಲಂಕಾರ.

ಈ ಅಂಗೈಯನ್ನು ರೂಪಿಸಲು ಮನುಷ್ಯ ಪಟ್ಟ ಪಾಡೂ ಸಣ್ಣದಲ್ಲ. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ರಬ್ಬರಿಗೆ ಗಂಧಕ ಬೆರೆಸಿ ಬೇಯಿಸಿ ಗಟ್ಟಿಮಾಡುವ ಗುಟ್ಟನ್ನು ಕಂಡ. ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ 1888ರಲ್ಲಿ ಮಗನ ಮೂರು ಗಾಲಿಯ ಬಂಡಿಗೆಂದು ಗಾಳಿ ತುಂಬಿದ ಟೈರು ಕಟ್ಟಿದ. ಫ್ರಾನ್ಸಿನ ಮಿಷೆಲಿನ್ ಸಂಸ್ಥೆ 1946ರಲ್ಲಿ ರೇಡಿಯಲ್ ಟೈರಿನ ಹಕ್ಕು ಪಡೆಯಿತು. ನಮ್ಮ ದೇಶದಲ್ಲಿ ರೇಡಿಯಲ್ ಟೈರನ್ನು ಜೆ.ಕೆ. ಸಂಸ್ಥೆ 1977ರಲ್ಲಿ ತಂದಿತು. ಅದೇ ಸಂಸ್ಥೆ 1997ರಲ್ಲಿ ಮೈಸೂರಿನ ವಿಕ್ರಾಂತ್ ಟೈರ್ಸ್ ಕಾರ್ಖಾನೆಯನ್ನು ವಹಿಸಿಕೊಂಡಿತು. ಆದ್ದರಿಂದ ಟೈರೆಂಬುದು ಮೈಸೂರಿನವರಿಗೆ ಪರದೇಶದ ಸಂಗತಿಯಲ್ಲ, ನೆರೆಮನೆಯ ಸಂಗತಿಯೇ.

ಅಳಿಯ ಅಂಗಡಿಯಿಂದ ತಂದ ಚೀಟಿಯಲ್ಲಿ 225/45 ಆರ್ 17, 91 ಡಬ್ಲ್ಯೂ ಎಂದು ಬರೆದಿತ್ತು. ಟೈರಿನ ಪಕ್ಕೆಯ ಮೇಲೆ ಒತ್ತಿರುವ ಈ ಜಾತಕವನ್ನು ಓದಲು ಬಾರದೆ ಎಷ್ಟೋ ಮಂದಿ ಅಂಗಡಿಯವನು ಕೊಟ್ಟದ್ದನ್ನೇ ಪ್ರಸಾದವೆಂದು ಸ್ವೀಕರಿಸುತ್ತಾರೆ. ಓದುವುದು ಬಹಳ ಸುಲಭ. 225 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 45 ಎಂದರೆ ಪಕ್ಕೆಯ ಎತ್ತರ ಆ ಅಗಲದ ಶೇಕಡಾ 45ರಷ್ಟು, ಇಲ್ಲಿ ಸುಮಾರು 101 ಮಿಲಿಮೀಟರ್. ಆರ್ ಎಂದರೆ ರೇಡಿಯಲ್. 17 ಎಂಬುದು ರಿಮ್ಮಿನ ವ್ಯಾಸ, ಅಂಗುಲದಲ್ಲಿ. 91 ಎಂಬ ಸಂಕೇತಕ್ಕೆ ಒಂದು ಟೈರು 615 ಕಿಲೋ ಹೊರಬಲ್ಲದೆಂದು ಅರ್ಥ. ಡಬ್ಲ್ಯೂ ಎಂದರೆ ಗಂಟೆಗೆ 270 ಕಿಲೋಮೀಟರ್ ವೇಗದ ತನಕ ತಾಳುವುದೆಂದು ಅರ್ಥ. ಆ ವೇಗ ನಮ್ಮ ರಸ್ತೆಗೆ ಬೇಡವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಕಾರು ಮಾಡಿದವರು ಸೂಚಿಸಿದ ಭಾರದ ಅಂಕಿಗಿಂತಲೂ ವೇಗದ ಅಕ್ಷರಕ್ಕಿಂತಲೂ ಕೆಳಗಿನದನ್ನು ಹಾಕಿಸಬಾರದು. ಶಾಖ ತಡೆಯುವ ಶಕ್ತಿಯೂ ಅದರೊಡನೆಯೇ ಕುಗ್ಗುತ್ತದೆ.

ಇನ್ನೊಂದು ಗುರುತು ನಾಲ್ಕು ಅಂಕಿಗಳದು. 1418 ಎಂದಿದ್ದರೆ 2018ನೆಯ ಇಸವಿಯ ಹದಿನಾಲ್ಕನೆಯ ವಾರದಲ್ಲಿ ಹುಟ್ಟಿದ ಟೈರೆಂದು ತಿಳಿಯಬೇಕು. ರಬ್ಬರು ಓಡಿದರೂ ಮುದಿಯಾಗುತ್ತದೆ, ನಿಂತರೂ ಮುದಿಯಾಗುತ್ತದೆ. ಐದು ವರ್ಷವಾದ ಬಳಿಕ ವರ್ಷಕ್ಕೊಮ್ಮೆ ಬಲ್ಲವರಿಗೆ ತೋರಿಸಬೇಕು. ಎಷ್ಟೇ ಗೀರು ಉಳಿದಿದ್ದರೂ ಹತ್ತು ವರ್ಷ ದಾಟಿಸಬಾರದು.

“ಮಾವ, ಅಂಗಡಿಯವರು ಇದು ಸಮ್ಮರ್ ಟೈರು ಅಂದರು. ಹಾಗಾದರೆ ಮಳೆಗಾಲಕ್ಕೆ ಬೇರೆ ಬೇಕೆ?” ಎಂದು ಅಳಿಯ ಕೇಳಿದ. ಈ ಅನುಮಾನ ಹಲವರಿಗೆ ಬರುತ್ತದೆ. ಬೇಸಿಗೆಯ ಟೈರೆಂಬ ಹೆಸರು ಬಂದದ್ದು ಹಿಮ ಬೀಳುವ ದೇಶಗಳಿಂದ. ಅಲ್ಲಿ ಚಳಿಗಾಲಕ್ಕೆಂದೇ ಮೆತ್ತನೆಯ ರಬ್ಬರಿನ ಬೇರೆ ಟೈರುಗಳುಂಟು. ಜರ್ಮನಿಯಲ್ಲಿ ಹಿಮಗಟ್ಟಿದ ರಸ್ತೆಯ ಮೇಲೆ ಅಂಥವನ್ನೇ ತೊಡಿಸಬೇಕೆಂದು 2010ರಲ್ಲಿ ನಿಯಮವನ್ನು ಬಿಗಿಗೊಳಿಸಿದರು. ಬೇಸಿಗೆಯ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿರುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಗುಂಡ್ಲುಪೇಟೆಯ ಬಯಲಿನಲ್ಲಿ ಅಂಥ ಚಳಿಯಿಲ್ಲ. ಆದ್ದರಿಂದ ನಮಗೆ ಈ ಬೇಸಿಗೆಯ ಟೈರೇ ಹನ್ನೆರಡು ತಿಂಗಳ ಟೈರು, ಮಳೆಗಾಲವೂ ಸೇರಿ. ಹಂಗಳದ ಮುಂದಿನ ಅದೇ ದಾರಿ ಹತ್ತಿ ಹೋದರೆ ಮಾತ್ರ ಎಚ್ಚರವಿರಬೇಕು. ಎರಡು ಸಾವಿರದ ಇನ್ನೂರು ಮೀಟರಿಗೂ ಮೇಲಿರುವ ಊಟಿಯಲ್ಲಿ ಡಿಸೆಂಬರ್, ಜನವರಿಯ ಮುಂಜಾನೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುತ್ತದೆ. ರಾತ್ರಿಯಿಡೀ ಅಲ್ಲಿ ನಿಂತ ಸ್ಪೋರ್ಟ್ಸ್ ಕಾರನ್ನು ಬೆಳಗ್ಗೆ ಆರಕ್ಕೆ ಹೊರಡಿಸಿ ಘಾಟಿ ಇಳಿಸುವವರು, ಮೊದಲ ಹತ್ತು ಕಿಲೋಮೀಟರನ್ನು ಟೈರಿಗೆ ಮೈ ಬಿಸಿಯಾಗಲೆಂದು ದಾನಮಾಡಬೇಕು.

ಇನ್ನು ಮೂರು ಬಗೆಗಳ ವಿಚಾರ. ಮೊದಲನೆಯದು ಪಂದ್ಯದ ಟೈರಿನ ಸೋದರ. ರಬ್ಬರು ಬಹಳ ಮೆತ್ತಗೆ, ಗೀರುಗಳು ಕಡಿಮೆ, ಒಣ ನೆಲದಲ್ಲಿ ಉಡದಂತೆ ಹಿಡಿಯುತ್ತದೆ. ಎರಡನೆಯದು ರಸ್ತೆಗೆಂದೇ ಮಾಡಿದ ವೇಗದ ಟೈರು. ಮಿಷೆಲಿನ್ನಿನ ಪೈಲಟ್ ಸ್ಪೋರ್ಟ್, ಬ್ರಿಜ್‌ಸ್ಟೋನಿನ ಪೊಟೆನ್ಜಾ ಮುಂತಾದ ಹೆಸರುಗಳನ್ನು ವಾಚಕರು ಕೇಳಿರಬಹುದು. ಪಕ್ಕೆ ಗಟ್ಟಿ, ಹಿಡಿತ ಹೆಚ್ಚು, ನೀರು ಹೊರಹೋಗಲು ಅಗಲವಾದ ಗೀರುಗಳುಂಟು. ಮೂರನೆಯದು ಪ್ರವಾಸದ ಟೈರು; ಅದೇ ಸಂಸ್ಥೆಗಳ ಪ್ರೈಮಸಿ, ಟುರಾಂಜಾ ಎಂಬಂಥವು ಈ ಪಂಗಡದವು. ಸದ್ದು ಕಡಿಮೆ, ಬಾಳಿಕೆ ಹೆಚ್ಚು, ಮಾತು ಸ್ವಲ್ಪ ನಿಧಾನ.

ಈ ಮೂರನ್ನೂ ಪುಸ್ತಕದಿಂದ ಹೋಲಿಸಬೇಕಾದ ಕಷ್ಟ ನನಗೆ ಬರಲಿಲ್ಲ. ನನ್ನ ಅಳಿಯ ಮೂರು ವರ್ಷಗಳಲ್ಲಿ ಮೂರನ್ನೂ ಅದೇ ಕಾರಿಗೆ ಹಾಕಿ, ಅದೇ ದಾರಿಯಲ್ಲಿ ಓಡಿಸಿ, ಪ್ರತಿಯೊಂದರಿಂದಲೂ ಒಂದೊಂದು ಪಾಠ ಕಲಿತಿದ್ದ. ಪಾಠಗಳಲ್ಲಿ ಎರಡನ್ನು ತಾಯಿಯಿಂದ ಮುಚ್ಚಿಟ್ಟಿದ್ದ.

ಪಂದ್ಯದ ಬಗೆಯವು ಕಾರಿನೊಡನೆಯೇ ಬಂದಿದ್ದವು. ನೋಡಲು ಚೆನ್ನಾಗಿದ್ದವು, ಗೀರು ಮೂರು ಮಿಲಿಮೀಟರ್ ಉಳಿದಿತ್ತು. ಕಾನೂನಿನ ಕನಿಷ್ಠ ಮಿತಿ 1.6 ಮಿಲಿಮೀಟರ್ ತಾನೆ, ಇನ್ನೂ ಕಾಲವಿದೆ ಎಂದುಕೊಂಡ. ಗಾಳಿಯನ್ನಂತೂ ಎರಡು ತಿಂಗಳಿಂದ ನೋಡಿರಲಿಲ್ಲ. ಅಕ್ಟೋಬರಿನ ಒಂದು ಸಂಜೆ ನಂಜನಗೂಡಿನಿಂದ ಹಿಂದಿರುಗುವಾಗ ಬೇಗೂರಿನ ಬಳಿ ಮಳೆ ಸುರಿದು ರಸ್ತೆಯ ತಗ್ಗಿನಲ್ಲಿ ನೀರು ನಿಂತಿತ್ತು. ಎಂಬತ್ತರ ಆಸುಪಾಸಿನಲ್ಲಿದ್ದ ಕಾರಿನ ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರಾಯಿತು. “ಹಗ್ಗ ಹರಿದ ಗಾಳಿಪಟ ಹಿಡಿದ ಹಾಗಾಯಿತು, ಮಾವ” ಎಂದ. ಕಾರು ಅರ್ಧ ಸುತ್ತಿ, ರಸ್ತೆ ಬಿಟ್ಟು, ಒಂದು ಹುಣಿಸೆಮರದಿಂದ ಎರಡು ಮಾರು ದೂರದಲ್ಲಿ ಕೆಸರಿನಲ್ಲಿ ನಿಂತಿತು. ಎದುರಿನಿಂದ ಆ ಗಳಿಗೆಯಲ್ಲಿ ಯಾವ ಬಸ್ಸೂ ಬರಲಿಲ್ಲವೆಂಬುದೊಂದೇ ಪುಣ್ಯ.

ಆದದ್ದೇನು? ಟೈರು ತನ್ನ ಮುಂದಿನ ನೀರನ್ನು ಗೀರುಗಳ ಮೂಲಕ ಹೊರಗೆ ದೂಡಲಾರದೆ ಹೋದಾಗ ನೀರಿನ ಮೇಲೆಯೇ ತೇಲುತ್ತದೆ. ಅಮೆರಿಕದ ನಾಸಾ ಸಂಸ್ಥೆಯವರು 1963ರಲ್ಲಿ ವಿಮಾನದ ಗಾಲಿಗಳನ್ನು ಪರೀಕ್ಷಿಸಿ, ತೇಲಾಟ ಆರಂಭವಾಗುವ ವೇಗವು ಗಾಳಿಯ ಒತ್ತಡದ ವರ್ಗಮೂಲವನ್ನು ಅನುಸರಿಸುವುದೆಂದು ಸೂತ್ರ ಕೊಟ್ಟರು. ಆ ಸೂತ್ರವನ್ನು ಅಂದಾಜಿಗೆ ಕಾರಿಗೆ ಅನ್ವಯಿಸಿದರೆ, 32 ಪೌಂಡ್ ಗಾಳಿಯಿದ್ದಾಗ ಸುಮಾರು 94 ಕಿಲೋಮೀಟರ್ ವೇಗದಲ್ಲಿ ಆಗುವ ಅನಾಹುತ, 25 ಪೌಂಡಿದ್ದಾಗ ಸುಮಾರು 83ಕ್ಕೇ ಆಗುತ್ತದೆ. ಮರುದಿನ ಗಾಳಿ ಅಳೆದಾಗ ಅಳಿಯನ ಟೈರಿನಲ್ಲಿದ್ದದ್ದು 25. ಅಗಲವಾದ ಟೈರಿಗೆ ದೂಡಬೇಕಾದ ನೀರೂ ಹೆಚ್ಚು ಎಂಬುದನ್ನು ಇದಕ್ಕೆ ಸೇರಿಸಿಕೊಳ್ಳಬೇಕು. ಸ್ಪೋರ್ಟ್ಸ್ ಕಾರಿನ ಅಗಲ ಒಣ ದಿನದ ಮಿತ್ರ, ಮಳೆಯ ದಿನದ ಅರ್ಧ ಶತ್ರು. ಕಾನೂನಿನ ಮಿತಿ ಏನೇ ಇರಲಿ, ಮೂರು ಮಿಲಿಮೀಟರಿಗೆ ಬಂದ ಟೈರಿನಲ್ಲಿ ಮಳೆಗಾಲ ಕಳೆಯಬಾರದೆಂಬುದು ಬೇಗೂರಿನ ಪಾಠ.

ಆ ಮೇಲೆ ಎರಡನೆಯ ಬಗೆಯ ಹೊಸ ಟೈರುಗಳನ್ನು ಹಾಕಿಸಿದ. ಅವುಗಳ ವರ್ಣನೆಗೆ ತೊಡಗಿದಾಗ ಹುಡುಗನ ಮುಖದಲ್ಲಿ ಬಂದ ಕಳೆಯನ್ನು ನೋಡಿ, ಹೆಣ್ಣು ನೋಡಿ ಬಂದವನೂ ಹೀಗೆ ವರ್ಣಿಸಲಾರನೆಂದುಕೊಂಡೆ. ಕೈ ತಿರುಗುವ ಮುಂಚೆ ಕಾರು ತಿರುಗುತ್ತಿತ್ತಂತೆ. ಮಳೆಯಲ್ಲೂ ಬ್ರೇಕು ಹಾಕಿದಲ್ಲಿ ನಿಲ್ಲುತ್ತಿತ್ತಂತೆ. ಇದು ಸುಳ್ಳಲ್ಲ. ಹೊಸದಾಗಿರುವಾಗ ಈ ಬಗೆಯ ಟೈರನ್ನು ಒಣಗಿದ ನೆಲದಲ್ಲಾಗಲಿ ಒದ್ದೆಯಾದ ನೆಲದಲ್ಲಾಗಲಿ ಮೀರಿಸುವುದು ಕಷ್ಟ. ರಬ್ಬರಿಗೆ ಸಿಲಿಕ ಬೆರೆಸುವ ವಿದ್ಯೆ 1990ರ ದಶಕದಿಂದ ಬೆಳೆದು ಬಂದು ಒದ್ದೆ ನೆಲದ ಹಿಡಿತವನ್ನು ಬಹಳ ಹೆಚ್ಚಿಸಿದೆ. ನಮ್ಮ ಸರ್ಕಾರವೂ 2022ರ ಅಧಿಸೂಚನೆಯೊಂದರಲ್ಲಿ ಒದ್ದೆ ನೆಲದ ಹಿಡಿತ, ಉರುಳುವಾಗಿನ ತಡೆ, ಸದ್ದು ಈ ಮೂರಕ್ಕೂ ಟೈರುಗಳು ಪಾಲಿಸಬೇಕಾದ ಮಟ್ಟವನ್ನು ಗೊತ್ತುಮಾಡಿತು.

ಆದರೆ ಒಳ್ಳೆಯ ಟೈರಿಗೆ ಒಂದು ದೋಷವುಂಟು. ಅದು ಓಡಿಸುವವನ ಕಿವಿಯಲ್ಲಿ “ಇನ್ನೂ ಸ್ವಲ್ಪ” ಎಂದು ಪಿಸುಗುಟ್ಟುತ್ತದೆ. ಅರುವತ್ತರಲ್ಲಿ ತಿರುಗುತ್ತಿದ್ದ ತಿರುವನ್ನು ಹುಡುಗ ಎಂಬತ್ತರಲ್ಲಿ ತಿರುಗತೊಡಗಿದ. ಜನವರಿ ಬಂತು. ಚಾಮರಾಜನಗರದ ಸೀಮೆಯನ್ನು ಬಲ್ಲವರಿಗೆ ಆ ತಿಂಗಳಲ್ಲಿ ರಸ್ತೆ ಏನಾಗುವುದೆಂದು ಗೊತ್ತು. ರೈತರು ಹುರುಳಿಯ ಗಿಡಗಳನ್ನು ಕಿತ್ತು ತಂದು ಡಾಂಬರಿನ ಮೇಲೆಯೇ ಹರಡುತ್ತಾರೆ. ಹೋಗಿಬರುವ ವಾಹನಗಳೇ ಒಕ್ಕಣೆಯ ಎತ್ತುಗಳು. ಕಣ ಮಾಡಲು ಕೂಲಿಯಾಳು ಸಿಕ್ಕದ ಕಾಲದಲ್ಲಿ ಬಡ ರೈತ ಕಂಡುಕೊಂಡ ದಾರಿ ಅದು. ದೂಷಿಸಲು ಬಾಯಿ ಬರುವುದಿಲ್ಲ, ಮೆಚ್ಚಲು ಧೈರ್ಯ ಬರುವುದಿಲ್ಲ. ಒಣಗಿದ ಹುರುಳಿಸೊಪ್ಪಿನ ಮೇಲೆ ಯಾವ ಟೈರಿಗೂ ನೆಲ ಸಿಗುವುದಿಲ್ಲ. ಸಾವಿರಾರು ರೂಪಾಯಿಯ ರಬ್ಬರೂ ಅಲ್ಲಿ ಎಣ್ಣೆ ಹಚ್ಚಿದ ಹೆಂಚಿನ ಮೇಲಿನ ದೋಸೆಯೇ. ಅಲ್ಲದೆ ನೆಲಕ್ಕೆ ಹತ್ತಿರವಾದ ಕಾರಿನ ಹೊಟ್ಟೆಯಡಿ ಸೊಪ್ಪು ಸುತ್ತಿಕೊಂಡು, ಹೊಗೆಕೊಳವೆಯ ಕಾವಿಗೆ ಹೊತ್ತಿಕೊಂಡು, ಕಾರುಗಳು ಸುಟ್ಟದ್ದೂ ಉಂಟು.

ಗುಂಡ್ಲುಪೇಟೆ ದಾಟಿ ಹಂಗಳಕ್ಕೆ ಬರುವ ದಾರಿಯಲ್ಲಿ, ಒಂದು ತಿರುವಿನ ಆಚೆ, ಒಬ್ಬ ಮುದುಕಿ ಕುಳಿತು ಹುರುಳಿ ಗುಡಿಸುತ್ತಿದ್ದಳು. ತಿರುವಿನಲ್ಲಿ ಟೈರು ತನ್ನ ಕೆಲಸ ಮಾಡಿತು. ಕಾರು ಗೆರೆ ಎಳೆದಂತೆ ತಿರುಗಿತು. ಆ ಮೇಲೆ ಸೊಪ್ಪು ಬಂತು. ಬ್ರೇಕು ಒತ್ತಿದ, ಕಾರು ಕೇಳಲಿಲ್ಲ. ಮುದುಕಿ ಪೊರಕೆ ಬಿಟ್ಟು ಹೊಲದ ಕಡೆಗೆ ಉರುಳಿದಳು. ಕಾರು ಅವಳು ಕುಳಿತಿದ್ದ ಜಾಗವನ್ನು ದಾಟಿ, ಕಾಳಿನ ರಾಶಿಯನ್ನು ಚೆಲ್ಲಾಡಿ, ಸೊಪ್ಪು ಮುಗಿದ ಮೇಲೆ ಗಕ್ಕನೆ ನಿಂತಿತು. ಇಳಿದು ಓಡಿ ಹೋದವನು ಬೈಗುಳವನ್ನು ನಿರೀಕ್ಷಿಸಿದ್ದ. ಮುದುಕಿ ಸೀರೆಯ ಮಣ್ಣು ಕೊಡವಿಕೊಳ್ಳುತ್ತ ಇವನನ್ನೇ ಮೇಲಿನಿಂದ ಕೆಳಕ್ಕೆ ನೋಡಿ, “ಉಳ್ಳಿ ಹೋದ್ರೆ ಇನ್ನೊಂದು ವರ್ಸ ಬೆಳೀಬೋದು ಕಣ್ ಮಗಾ. ನೀ ಹೋದ್ರೆ ನಿಮ್ಮವ್ವ ಎಲ್ಲಿಂದ ತಂದಾಳು?” ಎಂದಳಂತೆ. ಅವಳ ಚೆಲ್ಲಿದ ಕಾಳನ್ನು ಕತ್ತಲಾಗುವವರೆಗೆ ಅವನೇ ಬಾಚಿಕೊಟ್ಟು ಬಂದ. ಆ ದಿನ ಏಕೆ ತಡವಾಯಿತೆಂದು ತಂಗಿ ಕೇಳಿದಾಗ, ಕಾರ್ಖಾನೆಯಲ್ಲಿ ಕೆಲಸವಿತ್ತೆಂದು ಹೇಳಿದ್ದ.

ಇಷ್ಟು ಹೇಳಿ ಹುಡುಗ ಸುಮ್ಮನಾದ. ನಾನು ಕಾಗದ ತರಿಸಿ ಅವನ ಮುಂದೆ ಒಂದು ಲೆಕ್ಕ ಬರೆದೆ. ವಾಚಕರೂ ಇದನ್ನು ಒಮ್ಮೆ ನೋಡಬೇಕು. ಮಳೆಯ ದಿನ ಒಳ್ಳೆಯ ಟೈರಿನ ಹಿಡಿತದ ಅಂಕ 0.7 ಎನ್ನೋಣ, ಸವೆದ ಅಥವಾ ಬಿರುಸಾದ ಟೈರಿನದು 0.5 ಎನ್ನೋಣ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬ್ರೇಕು ಒತ್ತಿದಾಗ ಮೊದಲನೆಯದು 36 ಮೀಟರಿನಲ್ಲಿ ನಿಲ್ಲುತ್ತದೆ. ಎರಡನೆಯದಕ್ಕೆ 50 ಮೀಟರ್ ಬೇಕು. ವ್ಯತ್ಯಾಸ ಹದಿನಾಲ್ಕೇ ಮೀಟರ್ ಎಂದು ತಳ್ಳಿಹಾಕಬಾರದು. ಮೊದಲನೆಯ ಕಾರು ನಿಂತ ಅದೇ ಸ್ಥಳದಲ್ಲಿ ಎರಡನೆಯದು ಇನ್ನೂ 43 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುತ್ತದೆ! ಟೈರಿನಲ್ಲಿ ಜಿಪುಣತನ ಮಾಡುವವರು ಈ ಅಂಕಿಯನ್ನು ಮನೆಯ ಗೋಡೆಯ ಮೇಲೆ ಬರೆದಿಡಬೇಕು.

ಲೆಕ್ಕದ ಇನ್ನೊಂದು ಮುಖವನ್ನೂ ನೋಡಿ. ಆ ಕಳಪೆ ಟೈರಿನ ಕಾರೇ 80ರ ಬದಲು 60ರಲ್ಲಿ ಬಂದಿದ್ದರೆ 28 ಮೀಟರಿನಲ್ಲಿ ನಿಲ್ಲುತ್ತಿತ್ತು. ಎಂದರೆ 80ರಲ್ಲಿ ಬಂದ ಉತ್ತಮ ಟೈರಿಗಿಂತ ಎಂಟು ಮೀಟರ್ ಮುಂಚೆ. ಕಣ್ಣು ಕಂಡದ್ದು ಕಾಲಿಗೆ ತಿಳಿಯಲು ಒಂದು ಸೆಕೆಂಡು ಹಿಡಿದರೆ, ಅಷ್ಟರಲ್ಲಿ 80ರಲ್ಲಿ ಬಂದವನು 22 ಮೀಟರ್, 60ರಲ್ಲಿ ಬಂದವನು 17 ಮೀಟರ್ ಸಾಗಿರುತ್ತಾರೆ, ಅದು ಬೇರೆ. ಒಟ್ಟಿನಲ್ಲಿ ಜಗತ್ತಿನ ಅತ್ಯುತ್ತಮ ಟೈರು ಕೊಡುವ ಲಾಭವನ್ನೆಲ್ಲ ಬಲಗಾಲಿನ ಹೆಬ್ಬೆರಳು ಒಂದೇ ಒತ್ತಿಗೆ ನುಂಗಿಹಾಕಬಲ್ಲದು. ಟೈರಿನ ಹಿಡಿತವೆಂಬುದು ಬ್ಯಾಂಕಿನಲ್ಲಿಟ್ಟ ಆಪದ್ಧನ. ಅದನ್ನು ದಿನವೂ ತಿರುವು ತಿರುವಿನಲ್ಲಿ ಖರ್ಚುಮಾಡಿದವನಿಗೆ, ಹುರುಳಿಯ ಕಣ ಎದುರಾದ ದಿನ ಕೈ ಖಾಲಿ.

ಎರಡನೆಯ ಟೈರುಗಳ ಕಥೆ ಹಣದ ದೃಷ್ಟಿಯಿಂದಲೂ ಬೇಗ ಮುಗಿಯಿತು. ಹಂಗಳದಿಂದ ನಂಜನಗೂಡಿಗೆ ಸುಮಾರು 45 ಕಿಲೋಮೀಟರ್; ಹೋಗಿಬರಲು 90. ತಿಂಗಳಿಗೆ 25 ದಿನವೆಂದರೆ 2,250, ವರ್ಷಕ್ಕೆ 27,000. ಮೆತ್ತನೆಯ ರಬ್ಬರು ಅಷ್ಟರೊಳಗೆ ಸವೆದುಹೋಯಿತು, ಅದರಲ್ಲೂ ಎಂಜಿನ್ನಿನ ಬಲ ಬೀಳುವ ಹಿಂದಿನ ಜೋಡಿ. ಜೊತೆಗೆ ಒಂದು ಗುಂಡಿಗೆ ಬಿದ್ದು ಒಂದು ರಿಮ್ಮು ಬಾಗಿ, ಟೈರಿನ ಪಕ್ಕೆ ಬಾವು ಬಂದಂತೆ ಉಬ್ಬಿತ್ತು. ಉಬ್ಬಿದ ಟೈರು ಯಾವ ಗಳಿಗೆಯಲ್ಲಾದರೂ ಸಿಡಿಯಬಹುದು. ಅದಕ್ಕೆ ತೇಪೆಯ ಚಿಕಿತ್ಸೆಯಿಲ್ಲ. ಕುಳ್ಳಗಿನ ಗಟ್ಟಿ ಪಕ್ಕೆಯ ಟೈರು ಗುಂಡಿಯ ಏಟನ್ನು ತಾನು ನುಂಗದೆ ರಿಮ್ಮಿಗೂ ಬೆನ್ನುಮೂಳೆಗೂ ದಾಟಿಸುತ್ತದೆ. ಬಂಡೀಪುರದ ದಾರಿಯ ಹಂಪುಗಳನ್ನು ದಾಟಿದವರಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ.

ಮೂರನೆಯದಾಗಿ ಹಾಕಿಸಿದ್ದು ಪ್ರವಾಸದ ಟೈರು, ಅದೇ ಅಳತೆ, ಅದೇ 91 ಡಬ್ಲ್ಯೂ. ಮೊದಲ ವಾರ ಅವನಿಗೆ ಬೇಸರವಾಯಿತಂತೆ. ಸ್ಟೀರಿಂಗ್ ತಿರುಗಿಸಿದರೆ ಕಾರು ಅರೆಕ್ಷಣ ಯೋಚಿಸಿ ತಿರುಗುತ್ತಿತ್ತು. ಒಣ ರಸ್ತೆಯಲ್ಲಿ ನಿಲ್ಲಲು ಒಂದೆರಡು ಮಾರು ಹೆಚ್ಚು ಬೇಕಾಗುತ್ತಿತ್ತು. ಆದರೆ ಹಂಪಿನ ಮೇಲೆ ಬೆನ್ನು ನೋಯಲಿಲ್ಲ. ಒಳಗೆ ಮಾತಾಡಿದರೆ ಕೇಳಿಸುತ್ತಿತ್ತು. ಎರಡು ಮಳೆಗಾಲ ನೀರಿನಲ್ಲಿ ಒಮ್ಮೆಯೂ ಕೈಬಿಡಲಿಲ್ಲ. ಒಂದೂವರೆ ವರ್ಷ, ಸುಮಾರು ನಲವತ್ತು ಸಾವಿರ ಕಿಲೋಮೀಟರ್ ಬಾಳಿ, ಈಗ ಮೂರು ಮಿಲಿಮೀಟರಿಗೆ ಬಂದಿದೆ. ಬೇಗೂರಿನ ಪಾಠವನ್ನು ನೆನೆದು, ಮಳೆಗೆ ಮುಂಚೆಯೇ ಬದಲಾಯಿಸಬೇಕೆಂದು ಅವನು ನನ್ನ ಬಳಿ ಕೇಳಿದ್ದು.

“ನಿನ್ನ ಪ್ರಶ್ನೆಗೆ ನೀನೇ ಉತ್ತರ ಹೇಳಿದೆಯಲ್ಲಪ್ಪ” ಎಂದೆ. ದಿನಕ್ಕೆ ತೊಂಬತ್ತು ಕಿಲೋಮೀಟರ್ ಓಡುವ ಕಾರಿಗೆ, ಅದರ ಮೂತಿ ಎಷ್ಟೇ ಚೂಪಾಗಿರಲಿ, ಒದ್ದೆ ನೆಲದ ಹಿಡಿತದಲ್ಲಿ ಒಳ್ಳೆಯ ಹೆಸರಿರುವ ಪ್ರವಾಸದ ಟೈರೇ ಸರಿ. ತಿಂಗಳಿಗೆರಡು ಬಾರಿ ಸಂತೋಷಕ್ಕೆಂದು ಮಾತ್ರ ಹೊರಬರುವ ಕಾರಾದರೆ ಎರಡನೆಯ ಬಗೆಯ ವೇಗದ ಟೈರನ್ನು ಧಾರಾಳವಾಗಿ ಹಾಕಿಸಬಹುದು. ಅದಕ್ಕೆ ಸವೆತಕ್ಕಿಂತ ವಯಸ್ಸೇ ಮೊದಲು ಬರುತ್ತದೆ, ಆದ್ದರಿಂದ ಹುಟ್ಟಿದ ವಾರವನ್ನು ನೋಡಿ ಕೊಳ್ಳಬೇಕು. ಪಂದ್ಯದ ಬಗೆಯದು ಪಂದ್ಯದ ಅಂಗಳಕ್ಕೆ ಮಾತ್ರ; ಹಾಲು, ತರಕಾರಿ, ತಾಯಿ ಇರುವ ಮನೆಯ ಕಾರಿಗೆ ಬೇಡ. ಬೆಲೆ ಕಡಿಮೆಯೆಂದು ಬಹುಕಾಲ ಬಾಳುವ ಕಲ್ಲಿನಂಥ ಟೈರನ್ನು ಬಲವಾದ ಕಾರಿಗೆ ತೊಡಿಸುವುದು ಎಲ್ಲಕ್ಕಿಂತ ಕೆಟ್ಟದು.

ಯಾವ ಟೈರಾದರೂ ಕೆಲವು ಉಪಚಾರಗಳನ್ನು ಬೇಡುತ್ತದೆ. ಹದಿನೈದು ದಿನಕ್ಕೊಮ್ಮೆ, ಕಾರು ಹೊರಡುವ ಮುಂಚೆ, ಟೈರು ತಣ್ಣಗಿರುವಾಗ ಗಾಳಿಯನ್ನು ಅಳೆಯಬೇಕು. ಶಾಖ ಐದಾರು ಡಿಗ್ರಿ ಏರಿದರೆ ಒತ್ತಡ ಸುಮಾರು ಒಂದು ಪೌಂಡ್ ಏರುತ್ತದೆ. ಏಪ್ರಿಲ್ ಮಧ್ಯಾಹ್ನ ಹೆಚ್ಚಾಗಿ ಕಂಡಿತೆಂದು ಗಾಳಿ ಬಿಟ್ಟವರು ಮರುದಿನ ಮುಂಜಾನೆ ಕಡಿಮೆ ಗಾಳಿಯಲ್ಲಿ ಓಡಿಸುತ್ತಾರೆ. ನೈಟ್ರೋಜನ್ ತುಂಬಿಸಿದರೆ ಅಳೆಯಬೇಕಾಗಿಲ್ಲವೆಂಬ ನಂಬಿಕೆ ಬೇಡ. ನಾವು ಉಸಿರಾಡುವ ಗಾಳಿಯಲ್ಲೇ ಶೇಕಡಾ 78 ಪಾಲು ಅದೇ ಇದೆ. ಎರಡೇ ಟೈರು ಕೊಳ್ಳುವ ಶಕ್ತಿಯಿದ್ದರೆ ಹೊಸ ಜೋಡಿಯನ್ನು ಹಿಂದಕ್ಕೆ ಹಾಕಿಸಬೇಕು. ಒದ್ದೆ ರಸ್ತೆಯಲ್ಲಿ ಮುಂಭಾಗ ಜಾರಿದರೆ ಕಾಲು ತೆಗೆದು ತಿದ್ದಿಕೊಳ್ಳಬಹುದು, ಹಿಂಭಾಗ ಜಾರಿದರೆ ದೇವರೇ ತಿದ್ದಬೇಕು. ಬೇಸಿಗೆಯ ಕೊನೆಯ ಮೊದಲ ಮಳೆಯಲ್ಲಿ, ತಿಂಗಳುಗಟ್ಟಲೆ ಕುಳಿತ ಎಣ್ಣೆಯೂ ಧೂಳೂ ಕರಗಿ ರಸ್ತೆ ಸಾಬೂನಾಗುತ್ತದೆ; ಆ ದಿನ ಎಲ್ಲ ಟೈರುಗಳೂ ಬಡವರೇ. ಹಂಗಳದಿಂದ ಮುಂದೆ ಹೋಗುವವರು ಇನ್ನೊಂದನ್ನು ನೆನಪಿಡಬೇಕು: ಬಂಡೀಪುರದ ದಾರಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಮುಚ್ಚಿರುತ್ತದೆ. ಒಂಬತ್ತರ ಗಡುವಿಗೆ ಮುಟ್ಟುವ ಆತುರದಲ್ಲಿ ಓಡಿಸುವವನ ಎದುರಿಗೆ ಜಿಂಕೆ ಬಂದರೆ, ಅದಕ್ಕೆ ಟೈರಿನ ಜಾತಿ ತಿಳಿಯದು.

ಮರುದಿನ ಮೈಸೂರಿಗೆ ಹೋಗಿ ಅದೇ ಪ್ರವಾಸದ ಬಗೆಯ ನಾಲ್ಕು ಟೈರುಗಳನ್ನು ಹಾಕಿಸಿಕೊಂಡು ಬಂದೆವು. ಊರು ಮುಟ್ಟಿದ ಮೇಲೆ ಅಳಿಯ ತಾಯಿಯ ಮುಂದೆ ಕುಳಿತು ಬೇಗೂರಿನ ಹುಣಿಸೆಮರವನ್ನೂ ಹುರುಳಿಯ ಮುದುಕಿಯನ್ನೂ ಕುರಿತು ಇದ್ದದ್ದನ್ನು ಇದ್ದಂತೆ ಹೇಳಿದ. ನಾನು ಹೇಳಿಸಲಿಲ್ಲ, ಅವನೇ ಹೇಳಿದ. ತಂಗಿ ಬಹಳ ಹೊತ್ತು ಮಾತಾಡಲಿಲ್ಲ. ಆ ಮೇಲೆ ಒಳಗೆ ಹೋಗಿ, ಶಾಲು ಹೊದ್ದು ಬಂದು, “ನಡಿ, ಬೆಟ್ಟದ ಬುಡದವರೆಗೆ ಕರಕೊಂಡು ಹೋಗು. ಮೇಲಕ್ಕೆ ಸರ್ಕಾರಿ ಬಸ್ಸಿನಲ್ಲಿ ಹೋಗೋಣ. ದೇವರಿಗೆ ಒಂದು ಕಾಯಿ ಒಡೆಸಬೇಕು” ಎಂದಳು. ಮೂರು ವರ್ಷಗಳಲ್ಲಿ ಮೊದಲ ಬಾರಿಗೆ ಆ ಕೆಂಪು ಕಾರಿನಲ್ಲಿ ಕುಳಿತಳು. ಎರಡೇ ಆಸನಗಳಾದ್ದರಿಂದ ನಾನು ಜಗಲಿಯ ಮೇಲೆಯೇ ಉಳಿದೆ.

ಸಂಜೆ ಅವರು ಹಿಂದಿರುಗಿದ್ದು ನನಗೆ ಕೇಳಿಸಲಿಲ್ಲ. ಬಾಗಿಲ ಮುಂದೆ ನಿಂತ ಮೇಲೆಯೇ ತಿಳಿದದ್ದು. ತಂಗಿ ಇಳಿದು ಪ್ರಸಾದ ಕೈಗೆ ಕೊಡುತ್ತ, “ಅಣ್ಣಯ್ಯ, ಹೋದದ್ದೂ ಗೊತ್ತಾಗಲಿಲ್ಲ, ಬಂದದ್ದೂ ಗೊತ್ತಾಗಲಿಲ್ಲ” ಎಂದಳು. ದಿನನಿತ್ಯದ ಟೈರಿಗೆ ಇದಕ್ಕಿಂತ ದೊಡ್ಡ ಯೋಗ್ಯತಾಪತ್ರವನ್ನು ನಾನು ಎಲ್ಲಿಯೂ ಓದಿಲ್ಲ.